‘ಸ್ಟ್ಯಾಚ್ಯೂ’ ಅಂದರೂ ನಿಲ್ಲದ ಪ್ರೊಸೆಸ್‌ಗಳು

ನಮ್ಮ ವಾರ್ತಾಪತ್ರದಲ್ಲಿ ಕಂಪ್ಯೂಟರ್ ವಿಷಯ ಬಂದರೆ ಬರೆದವರು ವಿಜ್ಞಾನ ವಿಭಾಗದವರೇ ಇರಬೇಕು ಎಂದು ಎಲ್ಲರೂ ತಿಳಿಯುತ್ತಾರೆ. ನಾನು ದ್ವಿತೀಯ ಪಿಯುಸಿ ವಾಣಿಜ್ಯ ವಿಭಾಗದ ವಿದ್ಯಾರ್ಥಿನಿ. ಅರ್ಥಶಾಸ್ತ್ರ, ವ್ಯವಹಾರ ಅಧ್ಯಯನ, ಲೆಕ್ಕಶಾಸ್ತ್ರದ ಜೊತೆಗೆ ಕಂಪ್ಯೂಟರ್ ಸೈನ್ಸ್ ತೆಗೆದುಕೊಂಡಿದ್ದೇನೆ. ಆದ್ದರಿಂದ ಈ ಪಾಠವನ್ನು ಲೆಕ್ಕದ ಪುಸ್ತಕದ ಕಡೆಯಿಂದ ಹೇಳುತ್ತೇನೆ. ವಿಜ್ಞಾನದ ಗೆಳೆಯರು ಬೇಸರಪಡಬೇಕಾಗಿಲ್ಲ, ತಾಂತ್ರಿಕ ವಿಷಯವನ್ನು ಬಿಟ್ಟಿಲ್ಲ.

ವಿಷಯ ಇಷ್ಟೇ. ಒಂದು ಕಂಪ್ಯೂಟರಿನಲ್ಲಿ ಒಂದು ಗುಂಪಾಗಿ ಓಡುತ್ತಿರುವ ಹಲವು ಪ್ರೊಸೆಸ್‌ಗಳನ್ನು ಒಟ್ಟಿಗೆ ನಿಲ್ಲಿಸುವುದು ಹೇಗೆ? ‘ನಿಲ್ಲಿ’ ಎಂದು ಹೇಳಿದ ಮೇಲೂ ಕೆಲವು ನಿಲ್ಲದಿದ್ದರೆ ಏನು ಮಾಡಬೇಕು? ಬೆಂಗಳೂರಿನಲ್ಲಿ ಸರ್ವರ್‌ಗಳನ್ನು ನೋಡಿಕೊಳ್ಳುವ ಕೆಲಸದಲ್ಲಿರುವ ನನ್ನ ಮಾಮುವಿನ ಮಗ, ಅಂದರೆ ನಮ್ಮ ಭಾಯಿಜಾನ್, ರಜೆಗೆ ಊರಿಗೆ ಬಂದಾಗ ಇದನ್ನು ನನಗೆ ವಿವರಿಸಿದರು. ಆಮೇಲೆ ನಾನು ಲಿನಕ್ಸ್‌ನ ಕೈಪಿಡಿಗಳನ್ನು ಓದಿ ತಿಳಿದುಕೊಂಡದ್ದನ್ನೂ ಸೇರಿಸಿದ್ದೇನೆ.

ಪ್ರೊಸೆಸ್ ಮತ್ತು ಕಂಟೇನರ್

ಡಿಸ್ಕಿನಲ್ಲಿ ಸುಮ್ಮನೆ ಇರುವ ಪ್ರೋಗ್ರಾಂ ಬರೀ ಫೈಲು. ಅದು ಓಡಲು ಶುರುವಾದರೆ ಪ್ರೊಸೆಸ್. ಪ್ರತಿ ಪ್ರೊಸೆಸ್‌ಗೂ ಆಪರೇಟಿಂಗ್ ಸಿಸ್ಟಂ ಒಂದು ನಂಬರು ಕೊಡುತ್ತದೆ. ಒಂದು ಪ್ರೊಸೆಸ್ ತನ್ನಂತೆಯೇ ಇರುವ ಇನ್ನೊಂದನ್ನು ಹುಟ್ಟಿಸಬಲ್ಲದು. ಇದಕ್ಕೆ ಫೋರ್ಕ್ ಎನ್ನುತ್ತಾರೆ. ಹುಟ್ಟಿಸಿದ್ದು ತಾಯಿ, ಹುಟ್ಟಿದ್ದು ಮರಿ. ಮರಿಯೂ ಮುಂದೆ ಮರಿ ಹಾಕಬಹುದು.

ಒಂದು ಬಿಲ್ಲಿಂಗ್ ಸಾಫ್ಟ್‌ವೇರ್ ಅಂದರೆ ಒಂದೇ ಪ್ರೊಸೆಸ್ ಅಲ್ಲ. ಬಿಲ್ ಮಾಡುವುದು ಒಂದು, ಸ್ಟಾಕ್ ಕಳೆಯುವುದು ಇನ್ನೊಂದು, ಗ್ರಾಹಕರಿಗೆ ಮೆಸೇಜು ಕಳಿಸುವುದು ಮತ್ತೊಂದು. ಇವೆಲ್ಲವನ್ನೂ ಒಂದು ಮನೆಯವರಂತೆ ಒಂದು ಕಡೆ ಇಟ್ಟು, ಬೇರೆಯವರ ಕಣ್ಣಿಗೆ ಬೀಳದಂತೆ, ಬೇರೆಯವರ ಪಾಲು ತಿನ್ನದಂತೆ ಮಾಡುವ ವ್ಯವಸ್ಥೆಗೆ ಕಂಟೇನರ್ ಎಂದು ಹೆಸರು. ಹೆಸರು ಕೇಳಿದರೆ ಹಡಗಿನ ಮೇಲಿನ ಕಬ್ಬಿಣದ ಪೆಟ್ಟಿಗೆ ನೆನಪಾಗುತ್ತದೆ. ಆದರೆ ಲಿನಕ್ಸ್‌ನ ಒಳಗೆ ಅಂಥ ಪೆಟ್ಟಿಗೆ ಯಾವುದೂ ಇಲ್ಲ. ಇರುವುದು ಮುಖ್ಯವಾಗಿ ಎರಡು ಏರ್ಪಾಡು. ಪ್ರೊಸೆಸ್‌ನ ಕಣ್ಣಿಗೆ ಏನು ಕಾಣಬೇಕು ಎಂದು ತೀರ್ಮಾನಿಸುವುದು ನೇಮ್‌ಸ್ಪೇಸ್. ಯಾರ ಗುಂಪಿಗೆ ಎಷ್ಟು ಮೆಮೊರಿ, ಎಷ್ಟು ಸಿಪಿಯು ಎಂದು ಲೆಕ್ಕ ಇಡುವುದು ಕಂಟ್ರೋಲ್ ಗ್ರೂಪ್. ಎರಡನೆಯದನ್ನು ಚಿಕ್ಕದಾಗಿ ಸಿ-ಗ್ರೂಪ್ ಎನ್ನುತ್ತಾರೆ.

ಸಿ-ಗ್ರೂಪನ್ನು ನಾನು ಹಾಜರಿ ಪುಸ್ತಕ ಎಂದುಕೊಳ್ಳುತ್ತೇನೆ. ತಾಯಿ ಯಾವ ಗ್ರೂಪಿನಲ್ಲಿದೆಯೋ ಮರಿಯ ಹೆಸರೂ ತಾನಾಗಿ ಅದೇ ಪುಸ್ತಕಕ್ಕೆ ಸೇರುತ್ತದೆ. ತಾಯಿ ಸತ್ತರೂ ಮರಿಯ ಹೆಸರು ಅಲ್ಲೇ ಉಳಿಯುತ್ತದೆ. ಆದ್ದರಿಂದ ಕಂಟೇನರಿನಲ್ಲಿ ಯಾರು ಯಾರಿದ್ದಾರೆ ಎಂದು ತಿಳಿಯಲು ಇದಕ್ಕಿಂತ ನಂಬಿಕೆಯ ಪುಸ್ತಕ ಇಲ್ಲ.

ಈ ಸಿ-ಗ್ರೂಪಿನ ಕಥೆಯಲ್ಲಿ ನಮ್ಮ ಕರ್ನಾಟಕದ ಪಾಲೂ ಇದೆ. 2006ರಲ್ಲಿ ಗೂಗಲ್ ಕಂಪನಿಯ ಎಂಜಿನಿಯರ್‌ಗಳು ಈ ಕೆಲಸ ಶುರುಮಾಡಿದಾಗ ಅದರ ಹೆಸರೇ ‘ಪ್ರೊಸೆಸ್ ಕಂಟೇನರ್’ ಎಂದಿತ್ತು. ಹೆಸರಿನಿಂದ ಗೊಂದಲ ಆಗಬಾರದೆಂದು 2007ರಲ್ಲಿ ‘ಕಂಟ್ರೋಲ್ ಗ್ರೂಪ್’ ಎಂದು ಬದಲಾಯಿಸಿದರು. 2008ರ ಜನವರಿಯಲ್ಲಿ ಬಂದ ಲಿನಕ್ಸ್ 2.6.24ರಲ್ಲಿ ಅದು ಸೇರಿತು. ಅದೇ ವರ್ಷಗಳಲ್ಲಿ ಬೆಂಗಳೂರಿನ ಐಬಿಎಂ ಲಿನಕ್ಸ್ ಟೆಕ್ನಾಲಜಿ ಸೆಂಟರ್‌ನಲ್ಲಿದ್ದ ಶ್ರೀವತ್ಸ ವದ್ದಗಿರಿ ಅವರು ಸಿಪಿಯು ಸಮಯವನ್ನು ಗುಂಪುಗಳಿಗೆ ಹಂಚುವ ಭಾಗದಲ್ಲಿ ಕೆಲಸ ಮಾಡಿದರು. ಐಬಿಎಂನವರೇ ಆದ ಬಲಬೀರ್ ಸಿಂಗ್ ಅವರು ಮೆಮೊರಿಯ ಲೆಕ್ಕ ಇಡುವ ಭಾಗವನ್ನು ಬರೆದರು. ಅದು 2008ರ ಏಪ್ರಿಲ್‌ನಲ್ಲಿ ಬಂದ 2.6.25ರಲ್ಲಿ ಸೇರಿತು. ಗುಂಪನ್ನು ನಿಲ್ಲಿಸುವ ‘ಫ್ರೀಜರ್’ ಎಂಬ ಭಾಗ ಆ ವರ್ಷದ ಡಿಸೆಂಬರ್‌ನಲ್ಲಿ 2.6.28ರಲ್ಲಿ ಬಂತು. ನಮ್ಮ ಪಾಠ ಈ ಫ್ರೀಜರ್ ಬಗ್ಗೆ.

‘ಫ್ರೀಜ್’ ಅಂದರೆ ಏನು?

ಚಿಕ್ಕವರಿದ್ದಾಗ ನಾವೆಲ್ಲ ಆಡಿದ ಆಟ ನೆನಪಿರಬೇಕು. ಒಬ್ಬರು ‘ಸ್ಟ್ಯಾಚ್ಯೂ’ ಎಂದು ಕೂಗಿದರೆ ಇನ್ನೊಬ್ಬರು ಹೇಗಿದ್ದರೋ ಹಾಗೇ ನಿಲ್ಲಬೇಕು. ಬಾಯಿಗೆ ಹೋಗುತ್ತಿದ್ದ ಬೋಂಡ ಗಾಳಿಯಲ್ಲೇ ನಿಲ್ಲಬೇಕು. ಬಿಡುಗಡೆ ಹೇಳಿದ ಮೇಲೆ ಮತ್ತೆ ಅಲ್ಲಿಂದಲೇ ಮುಂದುವರಿಯಬೇಕು. ಫ್ರೀಜ್ ಅಂದರೆ ಇದೇ. ಪ್ರೊಸೆಸ್ ಸಾಯುವುದಿಲ್ಲ, ಮೆಮೊರಿ ಬಿಡುವುದಿಲ್ಲ, ತೆರೆದ ಫೈಲು ಮುಚ್ಚುವುದಿಲ್ಲ. ಆದರೆ ಒಂದು ಹೆಜ್ಜೆಯೂ ಮುಂದೆ ಇಡುವುದಿಲ್ಲ. ಬಿಡುಗಡೆಗೆ ‘ಥಾ’ ಎನ್ನುತ್ತಾರೆ, ಅಂದರೆ ಕರಗಿಸುವುದು.

ನಮ್ಮ ಮನೆಯ ಉರ್ದುವಿನಲ್ಲಿ ಇದನ್ನು ಹೇಳುವುದು ಸುಲಭ. ‘ರುಕ್’ ಬೇರೆ, ‘ಖತಮ್’ ಬೇರೆ. ಕನ್ನಡದಲ್ಲಿಯೂ ‘ತಡೆ’ ಬೇರೆ, ‘ಮುಗಿಸು’ ಬೇರೆ. ಫ್ರೀಜ್ ಅಂದರೆ ತಡೆಯುವುದು.

ನಿಮ್ಮ ಮೊಬೈಲಿನಲ್ಲೂ ಇದು ನಡೆಯುತ್ತದೆ. ನೀವು ಬಳಸಿ ಹಿಂದಕ್ಕೆ ಸರಿಸಿದ ಆ್ಯಪ್‌ಗಳನ್ನು ಹೀಗೆ ನಿಲ್ಲಿಸಿಡುವ ಏರ್ಪಾಡು ಆಂಡ್ರಾಯ್ಡ್ 11ರಿಂದ ಬಂದಿದೆ. ಬ್ಯಾಟರಿ ಮತ್ತು ಸಿಪಿಯು ಉಳಿಯಲಿ ಎಂಬುದು ಅದರ ಉದ್ದೇಶ.

ಸರ್ವರ್‌ಗಳಲ್ಲಿ ಮುಖ್ಯವಾಗಿ ಎರಡು ಕಾರಣಕ್ಕೆ ಫ್ರೀಜ್ ಬೇಕು. ಒಂದು, ಓಡುತ್ತಿರುವ ಕಂಟೇನರಿನ ಒಂದು ಕ್ಷಣದ ಸ್ಥಿತಿಯನ್ನು ನಕಲು ತೆಗೆಯಲು. ಎರಡು, ಕಂಟೇನರನ್ನು ಒಬ್ಬರನ್ನೂ ಬಿಡದೆ ಪೂರ್ತಿ ಮುಚ್ಚಲು. ಮುಗಿಸುವುದಕ್ಕೆ ಮೊದಲು ತಡೆಯುವುದು ಯಾಕೆ ಎಂದು ನನಗೂ ಮೊದಲು ಅರ್ಥವಾಗಲಿಲ್ಲ. ಅದಕ್ಕೆ ಉತ್ತರ ಸ್ಟಾಕ್ ಎಣಿಕೆಯಲ್ಲಿದೆ.

ಮಾರ್ಚ್ 31ರ ಎಣಿಕೆ

ನಮ್ಮ ಊರು ರೇಷ್ಮೆ ಸೀರೆಯ ಊರು. ಅಬ್ಬಾ ಸೀರೆ ಅಂಗಡಿಯೊಂದರಲ್ಲಿ ಲೆಕ್ಕ ಬರೆಯುತ್ತಾರೆ. ಪ್ರತಿ ವರ್ಷ ಮಾರ್ಚ್ 31ಕ್ಕೆ ಅಂತಿಮ ಸರಕಿನ ಎಣಿಕೆ ಇರುತ್ತದೆ. ನಮ್ಮ ಪಾಠದಲ್ಲಿ ಓದಿದ್ದೇವೆ: ಅಂತಿಮ ಸರಕು ವ್ಯಾಪಾರ ಖಾತೆಯ ಜಮಾ ಬದಿಗೂ ಬರುತ್ತದೆ, ಆಸ್ತಿ ಹೊಣೆ ಪಟ್ಟಿಯ ಆಸ್ತಿ ಬದಿಗೂ ಬರುತ್ತದೆ. ಅದು ತಪ್ಪಿದರೆ ಒಟ್ಟು ಲಾಭವೂ ತಪ್ಪು, ಆಸ್ತಿಯೂ ತಪ್ಪು.

ಎಣಿಸುವ ಹೊತ್ತಿನಲ್ಲಿ ಸರಕು ಓಡಾಡಬಾರದು. ಮೇಲಿನ ಕಪಾಟು ಎಣಿಸಿ ಮುಗಿಸಿ ಕೆಳಗಿನದಕ್ಕೆ ಬಂದಿರುತ್ತೀರಿ. ಅಷ್ಟರಲ್ಲಿ ಯಾರೋ ಮೇಲಿನದರಿಂದ ಎರಡು ಸೀರೆ ತೆಗೆದು ಕೆಳಗಿಟ್ಟರೆ ಆ ಎರಡು ಸೀರೆ ಎರಡು ಸಲ ಎಣಿಕೆಯಾದವು. ಕೆಳಗಿನಿಂದ ತೆಗೆದು ಮೇಲಿಟ್ಟರೆ ಒಂದು ಸಲವೂ ಆಗಲಿಲ್ಲ. ಅದಕ್ಕೇ ಲೆಕ್ಕ ಪರಿಶೋಧಕರು ‘ಕಟ್-ಆಫ್’ ಎನ್ನುತ್ತಾರೆ. ಒಂದು ಗೆರೆ ಎಳೆದು ಅಲ್ಲಿಂದ ಆಚೆ ವಹಿವಾಟು ನಿಲ್ಲಿಸಿ ಎಣಿಸಬೇಕು.

ಕಂಟೇನರ್ ಮುಚ್ಚುವವರ ಕಷ್ಟವೂ ಇದೇ. ಹಾಜರಿ ಪುಸ್ತಕದಿಂದ ನಂಬರುಗಳ ಪಟ್ಟಿ ತೆಗೆದು ಒಂದೊಂದಕ್ಕೂ ‘ಸಿಗ್‌ಕಿಲ್’ ಎಂಬ ಸಂಕೇತ ಕಳಿಸಬೇಕು. ಸಿಗ್‌ಕಿಲ್ ಬಂದ ಪ್ರೊಸೆಸ್ ‘ಆಗಲ್ಲ’ ಎನ್ನುವಂತಿಲ್ಲ. ಆದರೆ ನೀವು ಪಟ್ಟಿ ಓದಿದ ಮೇಲೆ, ಸಂಕೇತ ಕಳಿಸುವ ಮೊದಲು, ಪಟ್ಟಿಯಲ್ಲಿದ್ದ ಒಂದು ಪ್ರೊಸೆಸ್ ಮರಿ ಹಾಕಿದರೆ? ಮರಿಯ ನಂಬರು ನಿಮ್ಮ ಪಟ್ಟಿಯಲ್ಲಿಲ್ಲ. ತಾಯಿ ಸಾಯುತ್ತದೆ, ಮರಿ ಉಳಿಯುತ್ತದೆ.

ಇನ್ನೊಂದು ಅಪಾಯವೂ ಇದೆ. ಪ್ರೊಸೆಸ್ ನಂಬರುಗಳು ಮರುಬಳಕೆಯಾಗುತ್ತವೆ. ಪಟ್ಟಿಯಲ್ಲಿದ್ದ ಒಂದು ಪ್ರೊಸೆಸ್ ತಾನಾಗಿ ಮುಗಿದು, ಅದರ ನಂಬರು ಹೊರಗಿನ ಬೇರೆ ಯಾವುದಕ್ಕೋ ಸಿಕ್ಕಿದ್ದರೆ, ನಿಮ್ಮ ಸಿಗ್‌ಕಿಲ್ ಹೋಗಿ ಸಂಬಂಧವೇ ಇಲ್ಲದ್ದನ್ನು ಕೊಲ್ಲುತ್ತದೆ. ಅಪರೂಪ, ಆದರೆ ಆಗಬಹುದು.

ಆದ್ದರಿಂದ ಸರಿಯಾದ ಕ್ರಮ ಹೀಗೆ: ಮೊದಲು ಎಲ್ಲರನ್ನೂ ಫ್ರೀಜ್ ಮಾಡು, ಆಮೇಲೆ ಪಟ್ಟಿ ಓದು, ಪ್ರತಿಯೊಂದಕ್ಕೂ ಸಿಗ್‌ಕಿಲ್ ಕಳಿಸು, ಕೊನೆಗೆ ಕರಗಿಸು. ಹಳೆಯ ಫ್ರೀಜರಿನಲ್ಲಿ ನಿಂತಿರುವ ಪ್ರೊಸೆಸ್‌ಗೆ ಸಿಗ್‌ಕಿಲ್ ತಲುಪಿದರೂ ಅದು ಆಗಲೇ ಸಾಯುವುದಿಲ್ಲ. ಸಂಕೇತ ಬಾಗಿಲಲ್ಲಿ ಕಾಯುತ್ತಿರುತ್ತದೆ. ಕರಗಿಸಿದ ತಕ್ಷಣ, ಪ್ರೊಸೆಸ್ ಬೇರೆ ಕೆಲಸ ಮಾಡುವ ಮೊದಲೇ, ಅದು ಜಾರಿಯಾಗುತ್ತದೆ. ಕೊನೆಯ ಹೆಜ್ಜೆ ಮರೆತರೆ ಸಾಯಬೇಕಾದ ಪ್ರೊಸೆಸ್‌ಗಳು ಸಾಯದೆ, ಮೆಮೊರಿ ಹಿಡಿದುಕೊಂಡು ಹಾಗೇ ನಿಂತಿರುತ್ತವೆ.

ಪಟ್ಟಿ ಓದುವುದಕ್ಕೆ ಮೊದಲು ಎಲ್ಲರೂ ನಿಂತಿರಬೇಕು ಎಂಬುದೇ ಇಡೀ ಉಪಾಯದ ಅಡಿಪಾಯ. ಆ ಅಡಿಪಾಯ ಅಲುಗಾಡಿದರೆ?

ಮಗ್ಗ ಎಲ್ಲೆಂದರಲ್ಲಿ ನಿಲ್ಲುವುದಿಲ್ಲ

ಪವರ್‌ಲೂಮ್ ಪಕ್ಕದಲ್ಲಿ ನಿಂತು ನೋಡಿದವರಿಗೆ ಗೊತ್ತು. ಸ್ವಿಚ್ ಆಫ್ ಮಾಡಿದ ಕ್ಷಣಕ್ಕೇ ಮಗ್ಗ ನಿಲ್ಲುವುದಿಲ್ಲ, ಓಟದಲ್ಲಿದ್ದ ಚಕ್ರ ಸ್ವಲ್ಪ ತಿರುಗಿಯೇ ನಿಲ್ಲುತ್ತದೆ. ಎಲ್ಲಿ ನಿಲ್ಲುತ್ತದೆ ಎಂಬುದೂ ಮುಖ್ಯ. ಲಾಳಿ ಹಾಸಿನ ನೂಲುಗಳ ನಡುವೆ ಇರುವಾಗ ಸಿಕ್ಕಿಹಾಕಿಕೊಂಡರೆ ನೂಲು ಹರಿಯುತ್ತದೆ. ಲಾಳಿ ಒಂದು ಬದಿಯ ಪೆಟ್ಟಿಗೆ ಸೇರಿದ ಮೇಲೆ ನಿಲ್ಲುವುದು ಸುರಕ್ಷಿತ.

ಲಿನಕ್ಸ್ ಕರ್ನಲ್ ಕೂಡ ಪ್ರೊಸೆಸ್‌ಗಳನ್ನು ಎಲ್ಲೆಂದರಲ್ಲಿ ನಿಲ್ಲಿಸುವುದಿಲ್ಲ. ಫ್ರೀಜ್ ಆಜ್ಞೆ ಬಂದಾಗ ಅದು ಗುಂಪಿನ ಪ್ರತಿಯೊಂದರ ಮೇಲೂ ‘ನೀನು ನಿಲ್ಲಬೇಕು’ ಎಂದು ಗುರುತು ಹಾಕುತ್ತದೆ. ಪ್ರೊಸೆಸ್ ಕರ್ನಲ್ ಒಳಗಿನ ಕೆಲಸ ಮುಗಿಸಿ ತನ್ನ ಸ್ವಂತ ಕೆಲಸಕ್ಕೆ ಮರಳುವ ಹೊಸ್ತಿಲಲ್ಲಿ ಆ ಗುರುತು ನೋಡಿ, ‘ರೆಫ್ರಿಜರೇಟರ್’ ಎಂಬ ಹೆಸರಿನ ಫಂಕ್ಷನ್‌ಗೆ ತಾನಾಗಿ ಹೋಗಿ ಕೂರುತ್ತದೆ. ಕರ್ನಲ್ ಬರೆದವರು ನಿಜವಾಗಿಯೂ ಈ ಹೆಸರನ್ನೇ ಇಟ್ಟಿದ್ದಾರೆ.

ಅಂದರೆ ಇದು ಆಜ್ಞೆಗಿಂತ ಹೆಚ್ಚಾಗಿ ಒಂದು ಕೋರಿಕೆ. ಹೊಸ್ತಿಲಿಗೆ ಬರುವವರೆಗೆ ಪ್ರೊಸೆಸ್ ನಿಲ್ಲುವುದಿಲ್ಲ. ಮೂರು ಸಂದರ್ಭಗಳಲ್ಲಿ ಇದು ಕಷ್ಟವಾಗುತ್ತದೆ.

ಒಂದು, ಡಿಸ್ಕ್ ಅಥವಾ ನೆಟ್‌ವರ್ಕ್ ಮೇಲಿನ ಫೈಲಿಗಾಗಿ ಕಾಯುತ್ತಿರುವ ಪ್ರೊಸೆಸ್. ಕೆಲವು ಕಾಯುವಿಕೆಗಳನ್ನು ಯಾವ ಸಂಕೇತದಿಂದಲೂ ಎಬ್ಬಿಸಲಾಗುವುದಿಲ್ಲ. ಫೈಲು ಇರುವ ದೂರದ ಸರ್ವರ್ ಉತ್ತರ ಕೊಡದಿದ್ದರೆ ಅದು ಹೊಸ್ತಿಲಿಗೆ ಬರುವುದೇ ಇಲ್ಲ.

ಎರಡು, ಒಬ್ಬರನ್ನೊಬ್ಬರು ಕಾಯುವವರು. ಒಂದು ಪ್ರೊಸೆಸ್ ಫೈಲು ಒದಗಿಸುತ್ತದೆ, ಇನ್ನೊಂದು ಅದನ್ನು ಓದುತ್ತದೆ ಎಂದುಕೊಳ್ಳಿ. ಒದಗಿಸುವವನು ಮೊದಲು ನಿಂತುಬಿಟ್ಟರೆ ಓದುವವನಿಗೆ ಉತ್ತರ ಬರುವುದಿಲ್ಲ, ಉತ್ತರ ಬರದೆ ಅವನು ಹೊಸ್ತಿಲಿಗೆ ಬರುವುದಿಲ್ಲ.

ಮೂರು, ಹೊಸಬರು ಬರುತ್ತಲೇ ಇರುವ ಗುಂಪು. ಮರಿಗಳು ಹುಟ್ಟುತ್ತಿದ್ದರೆ, ಅಥವಾ ಹೊರಗಿನಿಂದ ಯಾರೋ ಹೊಸ ಪ್ರೊಸೆಸ್ ಸೇರಿಸುತ್ತಿದ್ದರೆ, ‘ಎಲ್ಲರೂ ನಿಂತರು’ ಎಂದು ಹೇಳುವ ಕ್ಷಣ ಮುಂದೆ ಮುಂದೆ ಹೋಗುತ್ತದೆ.

ಹಳೆಯ ಫ್ರೀಜರಿನಲ್ಲಿ ಗುಂಪಿನ ಸ್ಥಿತಿಗೆ ಮೂರು ಹೆಸರು: ‘ಥಾಡ್’ ಅಂದರೆ ಓಡುತ್ತಿದೆ, ‘ಫ್ರೋಜನ್’ ಅಂದರೆ ಎಲ್ಲರೂ ನಿಂತಿದ್ದಾರೆ, ‘ಫ್ರೀಜಿಂಗ್’ ಅಂದರೆ ನಿಲ್ಲುತ್ತಿದ್ದಾರೆ, ಇನ್ನೂ ಎಲ್ಲರೂ ನಿಂತಿಲ್ಲ. ಸ್ಥಿತಿಯ ಫೈಲಿಗೆ ನಾವು ಮೊದಲಿನ ಎರಡನ್ನು ಮಾತ್ರ ಬರೆಯಬಹುದು. ಮೂರನೆಯದನ್ನು ಬರೆಯಲಾಗದು, ಓದಲು ಮಾತ್ರ ಸಾಧ್ಯ. ನಾವು ‘ಫ್ರೋಜನ್’ ಎಂದು ಬರೆದ ತಕ್ಷಣ ಅದೇ ಫೈಲನ್ನು ಓದಿದರೆ ‘ಫ್ರೀಜಿಂಗ್’ ಎಂದು ಬರಬಹುದು. ಬರೆದದ್ದು ನಮ್ಮ ಇಚ್ಛೆ, ಓದಿದ್ದು ವಸ್ತುಸ್ಥಿತಿ.

ಒಬ್ಬ ಹುಡುಗನ ಮೇಲೆ ಬಂದ ಅನುಮಾನ

ಇದರಲ್ಲಿ ಇಷ್ಟೊಂದು ತಲೆಕೆಡಿಸಿಕೊಳ್ಳುವುದು ಏನಿದೆ ಎಂದು ನಾನು ಕೇಳಿದಾಗ ಭಾಯಿಜಾನ್ ಒಂದು ಘಟನೆ ಹೇಳಿದರು. ಕಂಪನಿಯ ಹೆಸರಾಗಲಿ ಅಂಗಡಿಯ ಹೆಸರಾಗಲಿ ಅವರು ಹೇಳಲಿಲ್ಲ, ನಾನೂ ಕೇಳಲಿಲ್ಲ.

ಹಲವು ಅಂಗಡಿಗಳಿಗೆ ಒಂದೇ ಸರ್ವರಿನಿಂದ ಬಿಲ್ಲಿಂಗ್ ಸಾಫ್ಟ್‌ವೇರ್ ಕೊಡುವ ಕಂಪನಿ ಅದು. ರಾತ್ರಿ ಹೊತ್ತು ಹಳೆಯ ಕಂಟೇನರ್ ಮುಚ್ಚಿ ಹೊಸದನ್ನು ಶುರುಮಾಡುತ್ತಿದ್ದರು. ಮುಚ್ಚುವ ಸ್ಕ್ರಿಪ್ಟ್ ‘ಫ್ರೋಜನ್’ ಎಂದು ಬರೆಯುತ್ತಿತ್ತು, ತಕ್ಷಣ ಪಟ್ಟಿ ಓದುತ್ತಿತ್ತು, ಎಲ್ಲಕ್ಕೂ ಸಿಗ್‌ಕಿಲ್ ಕಳಿಸಿ ಕರಗಿಸುತ್ತಿತ್ತು. ಸ್ಥಿತಿ ನಿಜವಾಗಿ ‘ಫ್ರೋಜನ್’ ಆಯಿತೇ ಎಂದು ತಿರುಗಿ ಓದುತ್ತಿರಲಿಲ್ಲ. ನೂರಾರು ರಾತ್ರಿ ಎಲ್ಲ ಸರಿಯಾಗಿಯೇ ನಡೆಯಿತು. ಒಂದು ರಾತ್ರಿ, ಗುಂಪು ಇನ್ನೂ ‘ಫ್ರೀಜಿಂಗ್’ ಸ್ಥಿತಿಯಲ್ಲಿದ್ದಾಗ, ಹೊಸ್ತಿಲಿಗೆ ಬರದಿದ್ದ ಒಂದು ಪ್ರೊಸೆಸ್ ತನ್ನ ಫೋರ್ಕ್ ಕೆಲಸ ಮುಗಿಸಿ ಒಂದು ಮರಿ ಹಾಕಿತು. ಪಟ್ಟಿ ಅದಕ್ಕಿಂತ ಕಣ್ಣುರೆಪ್ಪೆಯಷ್ಟು ಮೊದಲು ಓದಿಯಾಗಿತ್ತು. ತಾಯಿ ಸತ್ತಿತು, ಮರಿ ಉಳಿಯಿತು. ಹೊಸ ಕಂಟೇನರ್ ಕೂಡ ಶುರುವಾಯಿತು.

ಆ ಮರಿಯ ಕೆಲಸ, ಬಾಕಿ ಇರುವ ರಶೀದಿಗಳನ್ನು ಎತ್ತಿ ನಗದು ಪುಸ್ತಕಕ್ಕೆ ಏರಿಸುವುದು. ಹೊಸ ಕಂಟೇನರಿನಲ್ಲೂ ಅದೇ ಕೆಲಸಕ್ಕೆ ಇನ್ನೊಂದು ಪ್ರೊಸೆಸ್ ಇತ್ತು. ಮರುದಿನ ಕೆಲವು ರಶೀದಿಗಳನ್ನು ಇಬ್ಬರೂ ಎತ್ತಿಕೊಂಡರು. ಹೀಗೆ ನಗದು ಪುಸ್ತಕದಲ್ಲಿ ಒಂದೇ ಹಣ ಎರಡು ಸಲ ಜಮೆಯಾಯಿತು. ಸಂಜೆ ಒಂದು ಅಂಗಡಿಯಲ್ಲಿ ಪುಸ್ತಕದ ಪ್ರಕಾರ ಇರಬೇಕಾದ ನಗದಿಗಿಂತ ಗಲ್ಲಾಪೆಟ್ಟಿಗೆಯ ನಗದು ಕಡಿಮೆ ಬಂತು.

ಕಂಪ್ಯೂಟರ್ ಸುಳ್ಳು ಹೇಳುತ್ತದೆ ಎಂದು ಯಾರು ನಂಬುತ್ತಾರೆ? ಗಲ್ಲಾದಲ್ಲಿ ಕೂರುತ್ತಿದ್ದ ಹುಡುಗನನ್ನೇ ಕೇಳಿದರು. ಅವನಿಗೆ ನನಗಿಂತ ಎರಡು ಮೂರು ವರ್ಷ ಹೆಚ್ಚಿರಬಹುದು, ಅಷ್ಟೇ. ಎರಡು ದಿನ ಅವನನ್ನು ಗಲ್ಲಾದಿಂದ ಎಬ್ಬಿಸಿ ಒಳಗೆ ಸೀರೆ ಮಡಚಲು ಹಾಕಿದ್ದರಂತೆ. ಮೂರನೆಯ ದಿನ ಭಾಯಿಜಾನ್ ತಂಡದವರು ಒಂದೇ ರಶೀದಿ ನಂಬರು ಎರಡು ಸಲ ಇರುವುದನ್ನು ಕಂಡರು. ಓಡುತ್ತಿರುವ ಪ್ರೊಸೆಸ್‌ಗಳ ಆರಂಭದ ಸಮಯ ನೋಡಿದರು. ಹೊಸ ಕಂಟೇನರಿಗಿಂತ ಮೊದಲೇ ಹುಟ್ಟಿದ ಒಂದು ಪ್ರೊಸೆಸ್ ಸಿಕ್ಕಿತು. ಅಂಗಡಿಯ ಮಾಲೀಕರಿಗೆ ಫೋನ್ ಮಾಡಿ ‘ಹುಡುಗನ ತಪ್ಪಿಲ್ಲ’ ಎಂದು ಹೇಳಿದ ಮೇಲೆ ಅವನು ಮತ್ತೆ ಗಲ್ಲಾಕ್ಕೆ ಬಂದ.

‘ಸ್ಕ್ರಿಪ್ಟ್‌ನಲ್ಲಿ ಒಂದು ಸಾಲು ಕಡಿಮೆ ಇತ್ತು. ಅದರ ಬೆಲೆ ಯಾರು ಕೊಟ್ಟರು ನೋಡು’ ಎಂದರು ಭಾಯಿಜಾನ್.

ನಿಲ್ಲದವರ ಜೊತೆ ಏಗುವ ದಾರಿಗಳು

ಕರ್ನಲ್ ಬದಲಾಯಿಸುವುದು ನಮ್ಮ ಕೈಯಲ್ಲಿಲ್ಲ. ಅದು ಇರುವ ಹಾಗೇ ಇಟ್ಟುಕೊಂಡು ಸುತ್ತು ದಾರಿಯಲ್ಲಿ ಕೆಲಸ ಸಾಧಿಸಬೇಕು. ನಾನು ತಿಳಿದುಕೊಂಡ ದಾರಿಗಳು ಇವು.

1. ಬರೆದ ಮೇಲೆ ಓದಿ ನೋಡಿ. ‘ಫ್ರೋಜನ್’ ಎಂದು ಬರೆದ ಮೇಲೆ ಸ್ಥಿತಿಯನ್ನು ಓದಬೇಕು. ‘ಫ್ರೀಜಿಂಗ್’ ಎಂದಿದ್ದರೆ ಸ್ವಲ್ಪ ಕಾದು ಮತ್ತೆ ಬರೆಯಬೇಕು, ಮತ್ತೆ ಓದಬೇಕು. ಪಟ್ಟಿ ತೆಗೆಯುವುದು ಆಮೇಲೆ.

2. ಬಿಟ್ಟು ಹಿಡಿಯಿರಿ. ಬರೆಯುತ್ತಲೇ ಇದ್ದರೂ ಆಗದಿದ್ದರೆ ಒಮ್ಮೆ ಎಲ್ಲರನ್ನೂ ಕರಗಿಸಿ, ಕ್ಷಣ ಬಿಟ್ಟು ಮತ್ತೆ ಫ್ರೀಜ್ ಮಾಡಬೇಕು. ಒಬ್ಬರನ್ನೊಬ್ಬರು ಕಾಯುತ್ತಿದ್ದವರ ಗಂಟು ಅಷ್ಟರಲ್ಲಿ ಬಿಡಿಸಿಕೊಳ್ಳಬಹುದು. ಡಾಕರ್‌ನ ಕೆಳಗೆ ನಿಜವಾದ ಕೆಲಸ ಮಾಡುವ ‘ರನ್‌ಸಿ’ ಎಂಬ ಪ್ರೋಗ್ರಾಂ ಹೀಗೇ ಮಾಡುತ್ತದೆ. ಹಳೆಯ ಫ್ರೀಜರ್ ಇದ್ದರೆ ಅದು 1000 ಸಲದವರೆಗೆ ಪ್ರಯತ್ನಿಸುತ್ತದೆ, ಪ್ರತಿ 50 ಪ್ರಯತ್ನಕ್ಕೊಮ್ಮೆ ಕರಗಿಸಿ ಮತ್ತೆ ಹಿಡಿಯುತ್ತದೆ. ಸ್ಕೂಟರ್ ಕಿಕ್ ಹೊಡೆದಂತೆ ಎಂದು ನಗಬೇಡಿ. ಜಗತ್ತಿನ ಲೆಕ್ಕವಿಲ್ಲದಷ್ಟು ಸರ್ವರ್‌ಗಳು ಈ ಉಪಾಯವನ್ನು ನಂಬಿವೆ.

3. ಆಗದಿದ್ದರೆ ಆಗಲಿಲ್ಲ ಎಂದು ಹೇಳಿ. ಪ್ರಯತ್ನಕ್ಕೆ ಒಂದು ಮಿತಿ ಇರಬೇಕು. ಮಿತಿ ಮುಗಿದರೆ ಗುಂಪನ್ನು ಅರ್ಧ ನಿಂತ ಸ್ಥಿತಿಯಲ್ಲಿ ಬಿಡಬಾರದು, ಕರಗಿಸಿ ಮೊದಲಿನಂತೆ ಮಾಡಿ ‘ವಿಫಲ’ ಎಂದು ವರದಿ ಕೊಡಬೇಕು. ಅರ್ಧ ನಿಂತ ಗುಂಪು ತುಂಬ ಅಪಾಯ. ನಿಂತವನ ಕೈಯಲ್ಲಿ ಒಂದು ಫೈಲಿನ ಬೀಗ ಇದ್ದರೆ, ಹೊರಗಿನವರೂ ಆ ಬೀಗಕ್ಕಾಗಿ ಕಾಯುತ್ತಾ ನಿಂತುಬಿಡುತ್ತಾರೆ. ಅಂಗಡಿಯ ಬೀಗದ ಕೈ ಹಿಡಿದುಕೊಂಡವನಿಗೆ ಸ್ಟ್ಯಾಚ್ಯೂ ಹೇಳಿದ ಹಾಗೆ.

4. ಮರಿ ಹಾಕುವುದನ್ನು ತಡೆಯಿರಿ. 2015ರಲ್ಲಿ ಬಂದ ಲಿನಕ್ಸ್ 4.3ರಿಂದ ಒಂದು ಗುಂಪಿನಲ್ಲಿ ಎಷ್ಟು ಪ್ರೊಸೆಸ್ ಇರಬಹುದು ಎಂದು ಮಿತಿ ಹಾಕಬಹುದು. ಈಗ ಇರುವವರ ಸಂಖ್ಯೆಗಿಂತ ಕಡಿಮೆ ಮಿತಿ, ಬೇಕಾದರೆ ಸೊನ್ನೆ ಎಂದೂ ಬರೆಯಬಹುದು. ಇರುವವರಿಗೆ ಏನೂ ಆಗುವುದಿಲ್ಲ, ಆದರೆ ಹೊಸ ಫೋರ್ಕ್ ವಿಫಲವಾಗುತ್ತದೆ. ಅಂಗಡಿಯ ಶಟರ್ ಅರ್ಧ ಇಳಿಸಿದಂತೆ. ಒಳಗಿರುವವರು ಕೆಲಸ ಮುಗಿಸಿ ಹೋಗಬಹುದು, ಹೊಸ ಗಿರಾಕಿ ಬರುವಂತಿಲ್ಲ. ಆದರೆ ಹೊರಗಿನಿಂದ ಒಂದು ಪ್ರೊಸೆಸನ್ನು ಬೇಕೆಂದೇ ಗುಂಪಿಗೆ ಸೇರಿಸುವುದನ್ನು ಈ ಮಿತಿ ತಡೆಯುವುದಿಲ್ಲ. ಆ ಬಾಗಿಲನ್ನು ನಾವೇ ಕಾಯಬೇಕು.

5. ಪುಸ್ತಕ ಖಾಲಿಯಾಗುವವರೆಗೆ ಬಿಡಬೇಡಿ. ಫ್ರೀಜ್ ಆದರೂ ಆಗದಿದ್ದರೂ ಕೊನೆಗೆ ಹಾಜರಿ ಪುಸ್ತಕವನ್ನು ಮತ್ತೆ ಓದಬೇಕು. ಯಾರಾದರೂ ಉಳಿದಿದ್ದರೆ ಮತ್ತೆ ಸಿಗ್‌ಕಿಲ್. ಪುಸ್ತಕ ಖಾಲಿ ಎಂದು ಕಣ್ಣಾರೆ ಕಂಡ ಮೇಲೆಯೇ ಹೊಸ ಕಂಟೇನರ್ ಶುರುಮಾಡಬೇಕು. ಮೇಲಿನ ಘಟನೆಯಲ್ಲಿ ಇದೊಂದು ಮಾಡಿದ್ದರೂ ಆ ಮರಿ ಸಿಕ್ಕಿಬೀಳುತ್ತಿತ್ತು.

6. ಮನೆಯ ಹಿರಿಯನನ್ನು ಹಿಡಿಯಿರಿ. ಕಂಟೇನರಿಗೆ ತನ್ನದೇ ಆದ ಪ್ರೊಸೆಸ್ ನಂಬರುಗಳ ನೇಮ್‌ಸ್ಪೇಸ್ ಕೊಟ್ಟಿದ್ದರೆ, ಅದರೊಳಗಿನ ಮೊದಲ ಪ್ರೊಸೆಸ್‌ಗೆ 1 ಎಂಬ ನಂಬರು ಇರುತ್ತದೆ. ಆ ಒಂದನೆಯದು ಸತ್ತರೆ ಆ ನೇಮ್‌ಸ್ಪೇಸಿನ ಉಳಿದವರನ್ನೆಲ್ಲ ಕರ್ನಲ್ಲೇ ಮುಗಿಸುತ್ತದೆ. ಫ್ರೀಜರಿನ ಅವಶ್ಯಕತೆಯೇ ಬರುವುದಿಲ್ಲ. ಸಾಧ್ಯವಿದ್ದಲ್ಲಿ ಇದೇ ಸುಲಭ ದಾರಿ. ಕೆಲವು ಕಂಟೇನರ್‌ಗಳು ಹೊರಗಿನ ನಂಬರುಗಳನ್ನೇ ಹಂಚಿಕೊಳ್ಳುತ್ತವೆ, ಅಲ್ಲಿ ಈ ದಾರಿ ಇಲ್ಲ.

ಫ್ರೀಜರ್ ಯಾಕೆ, ‘ಸಿಗ್‌ಸ್ಟಾಪ್’ ಎಂಬ ನಿಲ್ಲಿಸುವ ಸಂಕೇತ ಇದೆಯಲ್ಲ ಎಂದು ವಿಜ್ಞಾನದ ಗೆಳೆಯರು ಕೇಳಬಹುದು. ಇದೆ, ಅದನ್ನು ಯಾವ ಪ್ರೊಸೆಸ್ಸೂ ತಿರಸ್ಕರಿಸಲಾರದು. ಆದರೆ ಮರಿ ನಿಂತದ್ದು ತಾಯಿಗೆ ತಿಳಿದುಬಿಡುತ್ತದೆ. ‘ಸಿಗ್‌ಕಾಂಟ್’ ಎಂಬ ಇನ್ನೊಂದು ಸಂಕೇತ ಕಳಿಸಿ ಅದನ್ನು ಎಬ್ಬಿಸಿಬಿಡಬಹುದು. ಒಂದೊಂದಕ್ಕೂ ಬೇರೆ ಬೇರೆ ಕಳಿಸಬೇಕಾದ್ದರಿಂದ ಪಟ್ಟಿಯ ಸಮಸ್ಯೆ ಮತ್ತೆ ಅಲ್ಲೇ ಬಂದು ನಿಲ್ಲುತ್ತದೆ. ಫ್ರೀಜರ್ ಇಡೀ ಗುಂಪಿಗೆ ಒಂದೇ ಮಾತು ಹೇಳುತ್ತದೆ, ಒಳಗಿನವರು ಸಿಗ್‌ಕಾಂಟ್ ಕಳಿಸಿ ಅದನ್ನು ಬಿಡಿಸಲಾರರು.

ಹೊಸ ವ್ಯವಸ್ಥೆಯಲ್ಲಿ ಏನು ಬದಲಾಗಿದೆ?

ಇಷ್ಟೆಲ್ಲ ಕಷ್ಟ ಕಂಡ ಮೇಲೆ ಕರ್ನಲ್ ಬರೆಯುವವರು ಸುಮ್ಮನೆ ಕೂರಲಿಲ್ಲ. ಸಿ-ಗ್ರೂಪಿನ ಎರಡನೆಯ ಆವೃತ್ತಿಗೆ 2019ರ ಜುಲೈನಲ್ಲಿ ಬಂದ ಲಿನಕ್ಸ್ 5.2ರಲ್ಲಿ ಹೊಸ ಫ್ರೀಜರ್ ಕೊಟ್ಟರು. ಇದರಲ್ಲಿ ಬರೆಯುವ ಫೈಲು ಬೇರೆ, ನಡೆದದ್ದನ್ನು ತಿಳಿಸುವ ಫೈಲು ಬೇರೆ. ಮೊದಲನೆಯದಕ್ಕೆ 1 ಎಂದು ಬರೆಯುತ್ತೇವೆ. ಎಲ್ಲರೂ ನಿಂತ ಮೇಲೆ ಮಾತ್ರ ಎರಡನೆಯದರಲ್ಲಿ ‘ಫ್ರೋಜನ್ 1’ ಎಂದು ಬರುತ್ತದೆ. ನಿಂತಿರುವ ಪ್ರೊಸೆಸ್‌ಗೆ ಸಿಗ್‌ಕಿಲ್ ಕಳಿಸಿದರೆ ಕರಗಿಸುವವರೆಗೆ ಕಾಯದೆ ಅಲ್ಲೇ ಸಾಯುತ್ತದೆ. ಆದರೂ ನಿಲ್ಲಲು ಸಮಯ ಹಿಡಿಯಬಹುದು, ಆದ್ದರಿಂದ ತಿರುಗಿ ಓದುವ ಕೆಲಸ ಇಲ್ಲಿಯೂ ತಪ್ಪಿದ್ದಲ್ಲ.

2021ರ ಆಗಸ್ಟ್‌ನಲ್ಲಿ ಬಂದ 5.14ರಲ್ಲಿ ಇನ್ನೊಂದು ಹೆಜ್ಜೆ. ಇಡೀ ಗುಂಪನ್ನು ಮುಗಿಸಲು ಒಂದೇ ಫೈಲು, ಅದಕ್ಕೆ 1 ಎಂದು ಬರೆದರೆ ಸಾಕು. ಆ ಹೊತ್ತಿನಲ್ಲಿ ಹುಟ್ಟುತ್ತಿರುವ ಮರಿಯನ್ನೂ ಕರ್ನಲ್ಲೇ ನೋಡಿಕೊಳ್ಳುತ್ತದೆ. ಅಂದರೆ ಮುಚ್ಚುವುದಕ್ಕಾಗಿ ಫ್ರೀಜ್ ಮಾಡಬೇಕಾದ ಪ್ರಸಂಗವೇ ಇಲ್ಲ. ಆದರೆ ಹಳೆಯ ಕರ್ನಲ್ ಇರುವ ಸರ್ವರ್‌ಗಳಿಗೆ ಈ ಸವಲತ್ತು ಇಲ್ಲ. ಅಲ್ಲಿ ಮೇಲಿನ ಆರು ದಾರಿಗಳೇ ಗತಿ.

ವಾಣಿಜ್ಯದವರಿಗೆ ಇದರಿಂದ ಏನು?

ನಾಳೆ ನಮ್ಮಲ್ಲಿ ಹಲವರು ಲೆಕ್ಕ ಬರೆಯುವ ಕೆಲಸಕ್ಕೆ ಹೋಗುತ್ತೇವೆ. ಪುಸ್ತಕ ಕಂಪ್ಯೂಟರಿನಲ್ಲಿರುತ್ತದೆ, ಕಂಪ್ಯೂಟರ್ ಇನ್ನೆಲ್ಲೋ ಇರುತ್ತದೆ. ನಗದು ಕಡಿಮೆ ಬಂದ ದಿನ ಮೊದಲ ಪ್ರಶ್ನೆ ಮನುಷ್ಯನಿಗೆ ಹೋಗುತ್ತದೆ. ಆಗ ‘ಒಂದೇ ರಶೀದಿ ಎರಡು ಸಲ ಏರಿದೆಯೇ ನೋಡಿ’ ಎಂದು ಕೇಳುವಷ್ಟು ತಿಳಿವಳಿಕೆ ನಮಗಿದ್ದರೆ ಒಬ್ಬರ ಮರ್ಯಾದೆ ಉಳಿಯಬಹುದು. ಕಂಪ್ಯೂಟರ್ ಓದುವವರಿಗೆ ನಮ್ಮ ಕಡೆಯಿಂದ ಒಂದು ಮಾತಿದೆ. ಬ್ಯಾಂಕ್ ಪಾಸ್‌ಬುಕ್ ಜೊತೆ ನಮ್ಮ ನಗದು ಪುಸ್ತಕವನ್ನು ತಾಳೆ ನೋಡುವ ಬ್ಯಾಂಕ್ ಹೊಂದಾಣಿಕೆ ಪಟ್ಟಿಯನ್ನು ನಾವು ಪ್ರಥಮ ವರ್ಷದಲ್ಲೇ ಕಲಿಯುತ್ತೇವೆ. ನಾವು ಬರೆದದ್ದನ್ನು ನಾವೇ ನಂಬದೆ, ಆ ಕಡೆಯವರ ಪುಸ್ತಕದಲ್ಲಿ ಏನಿದೆ ಎಂದು ನೋಡುವುದೇ ಆ ಪಾಠ. ‘ಫ್ರೋಜನ್’ ಎಂದು ಬರೆದು ತಿರುಗಿ ಓದುವುದೂ ಅದೇ ಪಾಠ.

ಯೋಚಿಸಲು ಕೆಲವು ಪ್ರಶ್ನೆಗಳು

1. ಹಳೆಯ ಫ್ರೀಜರಿನಲ್ಲಿ ಎಲ್ಲಕ್ಕೂ ಸಿಗ್‌ಕಿಲ್ ಕಳಿಸಿ ಕರಗಿಸುವುದನ್ನು ಮರೆತರೆ ಏನಾಗುತ್ತದೆ?

2. ಪ್ರೊಸೆಸ್ ಸಂಖ್ಯೆಯ ಮಿತಿಯನ್ನು ಸೊನ್ನೆ ಮಾಡಿದ ಮೇಲೂ ಗುಂಪಿಗೆ ಹೊಸಬರು ಹೇಗೆ ಬರಬಹುದು?

3. ಕಂಟೇನರಿನ ಒಂದನೆಯ ಪ್ರೊಸೆಸನ್ನು ಕೊಂದರೆ ಸಾಕು ಎಂಬ ದಾರಿ ಯಾವಾಗ ಕೆಲಸ ಮಾಡುವುದಿಲ್ಲ?

4. ಸ್ಟಾಕ್ ಎಣಿಕೆಯ ಕಟ್-ಆಫ್ ಮತ್ತು ಫ್ರೀಜರ್, ಇವೆರಡರ ನಡುವೆ ಒಂದು ಹೋಲಿಕೆ ಮತ್ತು ಒಂದು ವ್ಯತ್ಯಾಸ ಬರೆಯಿರಿ.

5. ಗಲ್ಲಾದ ಹುಡುಗನ ಜಾಗದಲ್ಲಿ ನೀವಿದ್ದರೆ, ಪುಸ್ತಕದಲ್ಲಿ ಮೊದಲು ಏನನ್ನು ತೋರಿಸಲು ಕೇಳುತ್ತಿದ್ದಿರಿ?

ನಾಲ್ಕನೆಯ ಮತ್ತು ಐದನೆಯ ಪ್ರಶ್ನೆಗಳಿಗೆ ಒಂದೇ ಸರಿಯುತ್ತರ ಇಲ್ಲ. ಬರೆದು ತಂದರೆ ಕಂಪ್ಯೂಟರ್ ಲ್ಯಾಬಿನಲ್ಲಿ ಕುಳಿತು ಒಟ್ಟಿಗೆ ಚರ್ಚಿಸೋಣ.